ಚರ್ಚ್ ಗೋಡೆಯ ಹಳೇ ಚಿತ್ರಕ್ಕೆ ಸುಣ್ಣ ಬಳಿಯೋದಾ? ಆ ಬಿಳಿ ಹಕ್ಕಿ ಯಾವುದು?

ತುಂಗೆದಂಡೆ
ಎಲ್ಲರಿಗೂ ನಮಸ್ಕಾರ. ನಮ್ಮದು ತೀರ್ಥಹಳ್ಳಿ ಕಡೆಯ ಒಂದು ಚಿಕ್ಕ ಚರ್ಚ್. ಊರಿನ ಹೆಸರು ಬೇಡ, ಆಮೇಲೆ ನನಗೇ ಬೈಗುಳ. ಬಲಿಪೀಠದ ಹಿಂದಿನ ಗೋಡೆಯಲ್ಲಿ ಹಳೇ ಚಿತ್ರಗಳಿವೆ. ಯಾರು ಬರೆದರು ಅಂತ ಊರಲ್ಲಿ ಯಾರಿಗೂ ಗೊತ್ತಿಲ್ಲ. ಈ ಸಲದ ಮಳೆಗೆ ಗೋಡೆ ನೀರು ಕುಡಿದು ಕೆಳಗೆಲ್ಲ ಬೂಷ್ಟು ಹಿಡಿದಿದೆ. ಬಣ್ಣ ಹಕ್ಕಳೆ ಏಳುತ್ತಿದೆ.

ನಡುವೆ ಯೇಸುಸ್ವಾಮಿ, ಎದೆ ಮೇಲೆ ಹೃದಯ. ಅದು ಗೊತ್ತು. ಎಡಕ್ಕೆ ಒಂದು ದೊಡ್ಡ ಬಿಳಿ ಹಕ್ಕಿ ಕೊಕ್ಕಿನಿಂದ ತನ್ನ ಎದೆಯನ್ನೇ ಕುಕ್ಕಿಕೊಳ್ಳುತ್ತಿದೆ. ರಕ್ತ ತೊಟ್ಟಿಕ್ಕುತ್ತಿದೆ, ಕೆಳಗೆ ಗೂಡಿನಲ್ಲಿ ಮರಿಗಳು ಬಾಯಿ ತೆರೆದು ಕೂತಿವೆ. ಬಲಕ್ಕೆ ಒಂದು ಪುಸ್ತಕದ ಮೇಲೆ ಕುರಿಮರಿ ಮಲಗಿದೆ, ಪುಸ್ತಕದಿಂದ ಏಳು ಪಟ್ಟಿ ಇಳಿಬಿದ್ದಿವೆ. ನಾಲ್ಕು ಮೂಲೆಯಲ್ಲಿ ರೆಕ್ಕೆ ಇರುವ ಮನುಷ್ಯ, ಸಿಂಹ, ಎತ್ತು, ಹದ್ದು.

ಪಾಲನಾ ಸಮಿತಿ ಸಭೆಯಲ್ಲಿ ಮಾತು ಬಂತು: ಎಲ್ಲ ಕೆರೆದು ಸುಣ್ಣ ಬಳಿದು, ಮೇಲೆ ಪ್ರಿಂಟ್ ಮಾಡಿದ ಟೈಲ್ಸ್ ಹಾಕೋಣ. ಎದೆಯಿಂದ ಕೆಂಪು ಬಿಳಿ ಕಿರಣ ಬರುವ ದೈವಕರುಣೆಯ ಚಿತ್ರ ಇದೆಯಲ್ಲ, ಅದು. ಹಿರಿಯರಿಗೆ ಒಪ್ಪಿಗೆ ಇಲ್ಲ. ಆದರೆ ಯಾಕೆ ಉಳಿಸಬೇಕು ಅಂತ ಕೇಳಿದರೆ ಅವರ ಹತ್ತಿರವೂ ಉತ್ತರ ಇಲ್ಲ. ಇದೆಲ್ಲ ಏನು ಅಂತ ತಿಳಿದವರು ಸ್ವಲ್ಪ ಹೇಳಿ. ಉಳಿಸುವಂಥದ್ದಾ, ಸುಮ್ನೆ ಸೆಂಟಿಮೆಂಟಾ?

ಕಾಫಿಗಿಡ
ಹಕ್ಕಿ ಹಂಸ ಅಲ್ವಾ?

ಆಗುಂಬೆ ಜಿಗಣೆ
ಮಂಡಗದ್ದೆಗೆ ಬರುವ ಬೆಳ್ಳಕ್ಕಿ ಇರಬೇಕು ಮಾರಾಯ್ರೇ. ಬರೆದವರು ಶಿವಮೊಗ್ಗ ಬಸ್ಸಿನಲ್ಲಿ ಬರುವಾಗ ನೋಡಿರ್ತಾರೆ.

ಹಳೇಪೇಟೆ ಮೇಷ್ಟ್ರು
ಹಂಸವೂ ಅಲ್ಲ, ಬೆಳ್ಳಕ್ಕಿಯೂ ಅಲ್ಲ. ಅದು ಪೆಲಿಕನ್, ನಮ್ಮ ಹೆಜ್ಜಾರ್ಲೆ. ಗ್ರೀಕ್ ಭಾಷೆಯಲ್ಲಿ ‘ಫಿಸಿಯೊಲೊಗಸ್’ ಅಂತ ಒಂದು ಪುರಾತನ ಪುಸ್ತಕವಿದೆ. ಪ್ರಾಣಿ, ಹಕ್ಕಿಗಳ ಕಥೆ ಹೇಳಿ ಅದಕ್ಕೊಂದು ಧರ್ಮದ ಅರ್ಥ ಕೊಡುವ ಪುಸ್ತಕ. ಅದರಲ್ಲಿ ಹೆಜ್ಜಾರ್ಲೆ ಸತ್ತ ಮರಿಗಳನ್ನು ಮೂರನೇ ದಿನ ತನ್ನ ರಕ್ತ ಸುರಿಸಿ ಬದುಕಿಸುತ್ತದೆ ಅಂತ ಬರುತ್ತದೆ. ಮೂರನೇ ದಿನ, ರಕ್ತ, ಬದುಕಿಸುವುದು. ಶಿಲುಬೆಯ ಕಥೆಗೆ ಇದಕ್ಕಿಂತ ಹತ್ತಿರದ ಹಕ್ಕಿ ಎಲ್ಲಿ ಸಿಗಬೇಕು? 13ನೇ ಶತಮಾನದಲ್ಲಿ ಸಂತ ಥಾಮಸ್ ಅಕ್ವಿನಾಸರು ತಮ್ಮ ಪರಮಪ್ರಸಾದದ (ಬಲಿಪೀಠದಲ್ಲಿ ಅರ್ಪಿಸಿ ಹಂಚುವ ಪವಿತ್ರ ರೊಟ್ಟಿಯ) ಗೀತೆಯಲ್ಲಿ ಯೇಸುವನ್ನು ಪೆಲಿಕನ್ ಅಂತಲೇ ಕರೆದರು. ಬಲಿಪೀಠದ ಹತ್ತಿರ ಅದನ್ನು ಬರೆಯುವುದು ಅದಕ್ಕೇ.

ಕುರಿಮರಿ ಪ್ರಕಟನೆ ಗ್ರಂಥದ 5ನೇ ಅಧ್ಯಾಯದ್ದು. ಏಳು ಮುದ್ರೆ ಹಾಕಿದ ಪುಸ್ತಕ ಬಿಡಿಸಲು ಯಾರಿಗೂ ಯೋಗ್ಯತೆ ಇಲ್ಲ, ಕುರಿಮರಿಗೆ ಮಾತ್ರ ಇದೆ. ಆ ಏಳು ಪಟ್ಟಿ ಆ ಮುದ್ರೆಗಳು. ಮೂಲೆಯ ನಾಲ್ವರು ನಾಲ್ಕು ಶುಭಸಂದೇಶ ಬರೆದವರು: ಮನುಷ್ಯ ಮತ್ತಾಯ, ಸಿಂಹ ಮಾರ್ಕ, ಎತ್ತು ಲೂಕ, ಹದ್ದು ಯೊವಾನ್ನ. ಯೆಹೆಜ್ಕೇಲ ಪ್ರವಾದಿಯ ದರ್ಶನದಲ್ಲಿ ಬರುವ ನಾಲ್ಕು ಮುಖಗಳು ಇವು.

ಅಂದರೆ ನಿಮ್ಮ ಗೋಡೆ ಬರೆದವರಿಗೆ ಶಾಸ್ತ್ರ ಚೆನ್ನಾಗಿ ಗೊತ್ತಿತ್ತು. ಇಲ್ಲವಾದರೆ ಗೊತ್ತಿದ್ದ ಯಾರೋ ಪಕ್ಕದಲ್ಲಿ ನಿಂತು ಬರೆಸಿದ್ದಾರೆ.

ಗುಡವಿ ದುರ್ಬೀನು
ಹಕ್ಕಿ ನೋಡುವವನಾಗಿ ಒಂದು ಮಾತು. ಹೆಜ್ಜಾರ್ಲೆ ರಕ್ತ ಗಿಕ್ತ ಏನೂ ಕುಡಿಸಲ್ಲ. ಕೊಕ್ಕಿನ ಕೆಳಗಿನ ಚೀಲ ಖಾಲಿ ಮಾಡಲು ಕೊಕ್ಕನ್ನು ಎದೆಗೆ ಒತ್ತಿಕೊಳ್ಳುತ್ತದೆ. ದೂರದಿಂದ ನೋಡಿದರೆ ಎದೆ ಕುಕ್ಕಿಕೊಂಡ ಹಾಗೇ ಕಾಣುತ್ತೆ. ಕೊಕ್ಕರೆ ಬೆಳ್ಳೂರಿಗೆ ಹೋದರೆ ಮರದ ಕೆಳಗೆ ನಿಂತೇ ನೋಡಬಹುದು. ಮರಿ ತಲೆಯನ್ನು ಪೂರ್ತಿ ತಾಯಿಯ ಬಾಯಿಯೊಳಗೆ ತೂರಿಸಿ ಮೀನು ತಿನ್ನುತ್ತೆ.

ಆಗುಂಬೆ ಜಿಗಣೆ
ಮೀನಿನ ವಿಷಯ ಬಂತು ಅಂದರೆ ಊಟದ ಹೊತ್ತಾಯಿತು.

ಬರೀಗೋಡೆ
ಒಂದು ಪ್ರಶ್ನೆ, ಬೇಜಾರು ಮಾಡ್ಕೋಬೇಡಿ. ನಾವು ಪ್ರೊಟೆಸ್ಟೆಂಟರು. ನಮ್ಮ ಚರ್ಚಿನಲ್ಲಿ ಬಿಳಿ ಗೋಡೆ, ಒಂದು ಮರದ ಶಿಲುಬೆ, ಅಷ್ಟೇ. ದಶಾಜ್ಞೆಯಲ್ಲೇ ವಿಗ್ರಹ ಮಾಡಬೇಡಿ ಅಂತ ಇದೆಯಲ್ಲ? ಮೊದಲ ಕ್ರೈಸ್ತರು ಚಿತ್ರ ಇಟ್ಟುಕೊಂಡಿರಲಿಲ್ಲ. ಸುಣ್ಣ ಬಳಿದರೆ ನಷ್ಟ ಏನು? ಗೋಡೆ ಒಣಗುತ್ತೆ, ಜನ ಪ್ರಾರ್ಥನೆ ಮಾಡ್ತಾರೆ.

ಹಳೇಪೇಟೆ ಮೇಷ್ಟ್ರು
ಬೇಜಾರು ಯಾಕೆ, ಹಳೇ ಜಗಳ ಇದು. ಆದರೆ "ಮೊದಲ ಕ್ರೈಸ್ತರು ಚಿತ್ರ ಇಟ್ಟುಕೊಂಡಿರಲಿಲ್ಲ" ಅನ್ನೋದು ಪೂರ್ತಿ ಸರಿಯಲ್ಲ. ಸಿರಿಯಾದ ದುರಾ ಯೂರೋಪೋಸ್ ಎಂಬಲ್ಲಿ ಪ್ರಾರ್ಥನೆಗೆ ಬಳಸುತ್ತಿದ್ದ ಒಂದು ಮನೆ ಅಗೆತದಲ್ಲಿ ಸಿಕ್ಕಿತು. 240ರ ಸುಮಾರಿನದು. ದೀಕ್ಷಾಸ್ನಾನದ ಕೋಣೆಯ ಗೋಡೆ ತುಂಬ ಚಿತ್ರ. ಕುರುಬ ಇದ್ದಾನೆ, ನೀರಿನ ಮೇಲೆ ನಡೆಯುವ ಯೇಸು ಇದ್ದಾನೆ. ರೋಮಿನ ನೆಲದಡಿಯ ಸಮಾಧಿ ಸುರಂಗಗಳಲ್ಲೂ ಅಷ್ಟೇ. ಹೆಗಲ ಮೇಲೆ ಕುರಿ ಹೊತ್ತ, ಗಡ್ಡವೇ ಇಲ್ಲದ ಹುಡುಗ. ಕುರಿ ಹೊತ್ತ ಆಳಿನ ಚಿತ್ರ ರೋಮನ್ನರಿಗೆ ಮೊದಲೇ ಪರಿಚಿತ. ಅದನ್ನೇ ಎತ್ತಿಕೊಂಡು ಒಳ್ಳೇ ಕುರುಬ ಅಂದರು.

ಅವರು ಬರೆಯದೆ ಬಿಟ್ಟದ್ದು ಶಿಲುಬೆಯನ್ನು. ಆಗ ಶಿಲುಬೆ ಅಂದರೆ ಗುಲಾಮರಿಗೆ, ದರೋಡೆಕೋರರಿಗೆ ಕೊಡುವ ಶಿಕ್ಷೆ. ಕಣ್ಣಾರೆ ಕಂಡವರು ಅದನ್ನು ಗೋಡೆಗೆ ಹಾಕ್ತಾರಾ? ರೋಮಿನ ಸಾಂತಾ ಸಬೀನಾ ಚರ್ಚಿನ ಮರದ ಬಾಗಿಲಲ್ಲಿ ಯೇಸು ಶಿಲುಬೆಯ ಮೇಲಿರುವ ಕೆತ್ತನೆ ಇದೆ, 430ರ ಸುಮಾರಿನದು. ಆ ಬಗೆಯ ಚಿತ್ರಗಳಲ್ಲಿ ಅತಿ ಹಳೆಯವುಗಳಲ್ಲಿ ಅದೂ ಒಂದು. ನೀವು ಇಟ್ಟುಕೊಂಡ ಮರದ ಶಿಲುಬೆ ಇದೆಯಲ್ಲ ಬರೀಗೋಡೆಯವರೇ, ಕುರುಬನಿಗಿಂತ ಅದೇ ಹೊಸದು!

ಬರೀಗೋಡೆ
ಆಯ್ತು ಮೇಷ್ಟ್ರೇ, ಮನೆಯಲ್ಲಿ ಬರೆದಿದ್ದರು ಅಂತಲೇ ಇರಲಿ. ಬರೆದ ಮಾತ್ರಕ್ಕೆ ಸರಿ ಅಂತ ಆಗಲ್ಲ. ಕ್ರೈಸ್ತ ಚಕ್ರವರ್ತಿಗಳೇ ಚಿತ್ರ ಒಡೆಸಿದರಲ್ಲ?

ಭದ್ರಾ ಕಾಲೋನಿ
ಹೌದು, ಕಾನ್‌ಸ್ಟಾಂಟಿನೋಪಲ್‌ನಲ್ಲಿ. 8ನೇ ಶತಮಾನದಲ್ಲಿ ಶುರುವಾದ ಜಗಳ 843ಕ್ಕೆ ಮುಗಿಯಿತು. ನಡುವೆ 787ರಲ್ಲಿ ನೈಸಿಯಾದಲ್ಲಿ ಸಭೆ ಸೇರಿ, ಚಿತ್ರಕ್ಕೆ ಗೌರವ ಕೊಡಬಹುದು, ಆರಾಧನೆ ದೇವರಿಗೆ ಮಾತ್ರ ಅಂತ ತೀರ್ಮಾನ ಮಾಡಿದರು. ಚಿತ್ರದ ಪರ ವಾದಿಸಿದ ದಮಾಸ್ಕಸ್‌ನ ಯೊವಾನ್ನರು ಕೊಟ್ಟ ಕಾರಣ ನನಗೆ ತುಂಬ ಇಷ್ಟ. ಕಾಣದ ದೇವರನ್ನು ಬರೆಯೋಕೆ ಆಗಲ್ಲ, ನಿಜ. ಆದರೆ ಆ ದೇವರೇ ಮನುಷ್ಯನಾಗಿ ಬಂದು ಜನರ ಕಣ್ಣಿಗೆ ಕಂಡ ಮೇಲೆ, ಕಂಡದ್ದನ್ನು ಬರೆಯಬಾರದು ಅಂದರೆ ಹೇಗೆ?

ಆ ಗಲಾಟೆಯಲ್ಲಿ ಹಳೇ ಚಿತ್ರಗಳು ಎಷ್ಟೋ ಹೋದವು. ಸಿನಾಯ್ ಬೆಟ್ಟದ ಸಂತ ಕ್ಯಾಥರೀನ್ ಮಠ ಮಾತ್ರ ಚಕ್ರವರ್ತಿಯ ಕೈಗೆ ಸಿಗದ ಮರುಭೂಮಿಯಲ್ಲಿತ್ತು. ಅಲ್ಲಿ 6ನೇ ಶತಮಾನದ ಯೇಸುವಿನ ಚಿತ್ರ ಇವತ್ತಿಗೂ ಇದೆ. ಕಾಯಿಸಿದ ಮೇಣಕ್ಕೆ ಬಣ್ಣ ಕಲಸಿ ಹಲಗೆ ಮೇಲೆ ಬರೆದದ್ದು. ಮುಖದ ಒಂದು ಅರ್ಧ ಶಾಂತ, ಇನ್ನೊಂದು ಅರ್ಧ ಗಡುಸು. ಒಂದು ಕಡೆ ಕೈ ಮುಚ್ಚಿ ನೋಡಿ, ಆಮೇಲೆ ಇನ್ನೊಂದು ಕಡೆ ಮುಚ್ಚಿ ನೋಡಿ. ಇಬ್ಬರು ಬೇರೆ ಬೇರೆ ಮನುಷ್ಯರು ಅನ್ನಿಸುತ್ತೆ.

ಕಾಫಿಗಿಡ
ಈಗ ತಾನೇ ಮೊಬೈಲಲ್ಲಿ ಮುಚ್ಚಿ ನೋಡಿದೆ. ಮೈ ಜುಂ ಅಂತು.

ಮೊಂತಿಹಬ್ಬ
ಬರೀಗೋಡೆಯವರಿಗೆ: ಪ್ರೊಟೆಸ್ಟೆಂಟ್ ಸುಧಾರಣೆ ಶುರು ಮಾಡಿದ ನಿಮ್ಮ ಲೂಥರ್ ಚಿತ್ರ ಒಡೆದವರಲ್ಲ. 1522ರಲ್ಲಿ ವಿಟೆನ್‌ಬರ್ಗ್‌ನಲ್ಲಿ ಜನ ಚಿತ್ರ ಕಿತ್ತುಹಾಕುತ್ತಾರೆ ಅಂತ ತಿಳಿದು, ಅಡಗಿದ್ದ ಕೋಟೆಯಿಂದ ವಾಪಸ್ ಬಂದು ಅದರ ವಿರುದ್ಧವೇ ಉಪದೇಶ ಕೊಟ್ಟರು. ಚರ್ಚುಗಳಿಂದ ಚಿತ್ರ ತೆಗೆಸಿದ್ದು ಜ್ಯೂರಿಕ್‌ನಲ್ಲಿ, 1524ರಲ್ಲಿ, ಅಲ್ಲಿನ ಸುಧಾರಕ ಜ್ವಿಂಗ್ಲಿಯ ಕಾಲದಲ್ಲಿ.

ಬರೀಗೋಡೆ
ನಮ್ಮಲ್ಲೂ ಎಲ್ಲರೂ ಒಂದೇ ಅಲ್ಲ ಅಂತ ನಾನೇ ಹೇಳಬೇಕು ಅಂದುಕೊಂಡಿದ್ದೆ. ಆದರೂ ಬರೀ ಗೋಡೆಗೂ ಒಂದು ಅಂದ ಇದೆ. ಕಣ್ಣಿಗೆ ಕೆಲಸ ಇಲ್ಲದಿದ್ದರೆ ಕಿವಿ ಚುರುಕಾಗುತ್ತೆ. ಅದನ್ನು ನೀವೂ ಒಪ್ಪಬೇಕು.

ಮೊಂತಿಹಬ್ಬ
ಒಪ್ಪಿದೆ. ಆದರೆ ಓದು ಬರದವರಿಗೆ? 600ರ ಸುಮಾರಿಗೆ ಮಾರ್ಸೇಲ್ಸ್‌ನ ಬಿಷಪ್ಪರು ಚಿತ್ರ ಒಡೆಸಿದಾಗ ಪೋಪ್ ಗ್ರೆಗೊರಿ ಪತ್ರ ಬರೆದು ಬುದ್ಧಿ ಹೇಳಿದ್ದು ಇದನ್ನೇ. ಓದಲಾಗದವರು ಗೋಡೆ ನೋಡಿ ಓದಿಕೊಳ್ಳಲಿ ಅಂತ. ನಮ್ಮ ಅಜ್ಜಿಗೆ ಕೊಂಕಣಿ ಮಾತಾಡೋಕೆ ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ಲ್ಯಾಟಿನ್ ಪೂಜೆ ಅರ್ಥ ಆಗುತ್ತಿರಲಿಲ್ಲ. ಯೇಸು ಶಿಲುಬೆ ಹೊತ್ತು ನಡೆದ ಶಿಲುಬೆ ಹಾದಿಯ 14 ಚಿತ್ರಗಳನ್ನು ಮಾತ್ರ ಕಣ್ಣು ಮುಚ್ಚಿ ಹೇಳುತ್ತಿದ್ದಳು. ಯೇಸುವಿನ ಮುಖ ಒರೆಸಿದ ವೆರೋನಿಕ ಬಟ್ಟೆ ಹಿಡಿದು ನಿಂತ ಚಿತ್ರದ ಹತ್ತಿರ ಬಂದರೆ ಸೆರಗಿನಿಂದ ತನ್ನ ಮುಖ ಒರೆಸಿಕೊಳ್ಳುತ್ತಿದ್ದಳು.

ಬಿ.ಎಚ್. ರೋಡ್
ನಡುವಿನ ಚಿತ್ರದ ಬಗ್ಗೆ ಯಾರೂ ಹೇಳಲಿಲ್ಲ. ಹೃದಯ ತೋರಿಸುವ ಯೇಸು ನಾವು ಅಂದುಕೊಂಡಷ್ಟು ಹಳೆಯದಲ್ಲ. ಫ್ರಾನ್ಸಿನ ಪಾರೇ ಲ ಮೋನಿಯಾಲ್ ಎಂಬಲ್ಲಿ ಮಾರ್ಗರೆಟ್ ಮೇರಿ ಎಂಬ ಕನ್ಯಾಸ್ತ್ರೀಗೆ 1673ರಿಂದ ದರ್ಶನಗಳಾದವು. ಸುತ್ತ ಮುಳ್ಳು, ಮೇಲೆ ಬೆಂಕಿ ಮತ್ತು ಶಿಲುಬೆ ಇರುವ ಹೃದಯ ಅಲ್ಲಿಂದ ಬಂತು. 1767ರಲ್ಲಿ ಪೊಂಪೆಯೊ ಬಾತೋನಿ ರೋಮಿನ ಜೆಸು ಚರ್ಚಿಗೆ ಒಂದು ಸಣ್ಣ ಚಿತ್ರ ಬರೆದರು. ಯೇಸು ಕೈಯಲ್ಲಿ ಹೃದಯ ಹಿಡಿದು ನೇರ ನಮ್ಮನ್ನೇ ನೋಡುತ್ತಾನೆ. ಅದರ ನಕಲಿನ ನಕಲು, ಅಚ್ಚು, ಕ್ಯಾಲೆಂಡರ್ ಆಗಿ ಮನೆ ಮನೆಗೆ ಬಂದದ್ದು. ನಮ್ಮ ಶಿವಮೊಗ್ಗದ ದೊಡ್ಡ ಚರ್ಚು ಅದೇ ಪವಿತ್ರ ಹೃದಯದ ಹೆಸರಿನದು. ಚೂಪು ಕಮಾನು ನೋಡಿ ಎಲ್ಲರೂ ಸೆಲ್ಫಿ ತೆಗೆಸಿಕೊಳ್ತಾರೆ, ಹೃದಯ ಯಾಕೆ ಅಂತ ಕೇಳುವವರು ಕಡಿಮೆ.

ಹಾಗೆಯೇ ನಿಮ್ಮ ಸಮಿತಿಯವರ ದೈವಕರುಣೆಯ ಚಿತ್ರ ಇನ್ನೂ ಹೊಸದು. ಪೋಲೆಂಡಿನ ಸಂತ ಫೌಸ್ತಿನಾ ಹೇಳಿದ ಹಾಗೆ 1934ರಲ್ಲಿ ವಿಲ್ನಿಯಸ್ ಊರಿನಲ್ಲಿ ಮೊದಲು ಬರೆಸಿದ್ದು. ಬಿಳಿ ಕಿರಣ ನೀರು, ಕೆಂಪು ಕಿರಣ ರಕ್ತ. ನಾವು ಮನೆಯಲ್ಲಿ ಹಾಕಿರುವುದು ಹೆಚ್ಚಾಗಿ 1940ರ ದಶಕದಲ್ಲಿ ಅಡಾಲ್ಫ್ ಹೀಲಾ ಬರೆದ ಇನ್ನೊಂದು. ಅದು ಒಳ್ಳೆಯದೇ, ಬೇಡ ಅನ್ನಲ್ಲ. ಆದರೆ ಅದು ಎಲ್ಲ ಕಡೆ ಸಿಗುತ್ತೆ. ಹೆಜ್ಜಾರ್ಲೆ ಇರುವ ಗೋಡೆ ಮಲೆನಾಡಿನಲ್ಲಿ ಎಷ್ಟು ಕಡೆ ಇದೆ?

ಕಾಫಿಗಿಡ
ಹಳೇದು ಉಳಿಸೋದು ಸರಿ. ಆದರೆ ಯಾವಾಗಲೂ ಯೂರೋಪಿನ ಯೇಸುವೇ ಯಾಕೆ? ಕಂದು ಕೂದಲು, ನೀಲಿ ಕಣ್ಣು. ಹೊಸದಾಗಿ ಬರೆಸುವುದಾದರೆ ನಮ್ಮ ಹಸೆ ಚಿತ್ತಾರದಲ್ಲಿ ಬರೆಸಬಾರದಾ?

ಭದ್ರಾ ಕಾಲೋನಿ
ಇದು ಹೊಸ ಯೋಚನೆ ಏನಲ್ಲ. 1580ರಲ್ಲಿ ಜೆಸ್ವಿಟ್ ಗುರುಗಳು ಫತೇಪುರ ಸಿಕ್ರಿಗೆ ಹೋಗಿ ಅಕ್ಬರನಿಗೆ ಅಚ್ಚಿನ ಚಿತ್ರಗಳಿದ್ದ ಬೈಬಲ್ ಕೊಟ್ಟರು. ಅವನ ಆಸ್ಥಾನದ ಚಿತ್ರಕಾರರು ಮಾತೆ ಮರಿಯಳನ್ನು ಮೊಘಲ್ ಶೈಲಿಯಲ್ಲೇ ಬರೆದರು. ಗೋವಾದ ಆಂಜೆಲೊ ದ ಫೊನ್ಸೆಕಾ (1902–1967) ಶಾಂತಿನಿಕೇತನದಲ್ಲಿ ಕಲಿತು ಬಂದು ಮರಿಯಳಿಗೆ ಸೀರೆ ಉಡಿಸಿದರು. ಗೋವಾದಲ್ಲಿ ಎಷ್ಟು ಬೈದರು ಅಂದರೆ ಪುಣೆಯ ಆಶ್ರಮಕ್ಕೆ ಹೋಗಿ ಇದ್ದರು. ಜಾಮಿನಿ ರಾಯ್ ಕ್ರೈಸ್ತರೇ ಅಲ್ಲ, ಆದರೂ ಬಂಗಾಳದ ಪಟದ ಶೈಲಿಯಲ್ಲಿ ದೊಡ್ಡ ಕಣ್ಣಿನ ಯೇಸುವನ್ನು ಮತ್ತೆ ಮತ್ತೆ ಬರೆದರು. ಬೆಂಗಳೂರು ಹತ್ತಿರದ ಸಿಲ್ವೆಪುರದಲ್ಲಿ ಜ್ಯೋತಿ ಸಾಹಿ ಮಾಡಿದ್ದೂ ಇದೇ ಕೆಲಸ.

ಚಿತ್ತಾರಗಿತ್ತಿ
ನಾನು ಸಾಗರದ ಕಡೆಯ ದೀವರ ಮನೆಯವಳು. ಅಮ್ಮ, ದೊಡ್ಡಮ್ಮ ಎಲ್ಲ ಚಿತ್ತಾರ ಬರೆಯುವವರು. ನೀವು ಪ್ರೀತಿಯಿಂದಲೇ ಹೇಳಿದ್ದೀರಿ ಕಾಫಿಗಿಡದವರೇ, ಆದರೆ ಹಸೆ ಮದುವೆ ಮನೆಯ ಗೋಡೆ. ಮದುಮಕ್ಕಳು ಕೂರುವ ಜಾಗ. ಕೆಮ್ಮಣ್ಣು ಬಳಿದ ಗೋಡೆ ಮೇಲೆ ಪುಂಡಿ ನಾರಿನ ಕುಂಚದಲ್ಲಿ ಅಕ್ಕಿ ಹಿಟ್ಟಿನ ಎಳೆ ಎಳೆಯುತ್ತೇವೆ. ಹುರಿದ ಅಕ್ಕಿಯಿಂದ ಕಪ್ಪು, ಗುರಿಗೆ ಕಾಯಿಂದ ಹಳದಿ. ಒಂದೊಂದು ಎಳೆಗೂ ಹೆಸರಿದೆ, ಜೊತೆಗೆ ಹಾಡಿದೆ. ಈಗ ಟೀ ಕಪ್ಪು, ಹೋಟೆಲ್ ಗೋಡೆ, ಎಲ್ಲ ಕಡೆ ಚಿತ್ತಾರ ಅಂಟಿಸುತ್ತಾರೆ. ಚರ್ಚಿಗೆ ಬೇಡ ಅನ್ನಲ್ಲ. ಅಂಚಿಗೆ ಅಂಟಿಸೋಕೆ ಮಾತ್ರ ಕರೆಯಬೇಡಿ. ಕರೆಯುವುದಾದರೆ ಬರೆಯುವ ಹೆಂಗಸರನ್ನೇ ಕರೆದು ಕಥೆ ಹೇಳಿ, ಅವರು ಹೇಗೆ ಬರೆಯುತ್ತಾರೋ ಬರೆಯಲಿ.

ಕಾಫಿಗಿಡ
ಅಕ್ಕ, ನಾನು ಅಂಚಿನ ಬಗ್ಗೆಯೇ ಯೋಚಿಸಿದ್ದು. ನೀವು ಹೇಳಿದ ಹಾಗೆ ಮಾಡಿದರೆ ಇನ್ನೂ ಚಂದ.

ಸೊರಬದ ಉಳಿ
ಗುಡಿಗಾರರ ಮನೆಯಿಂದ ಒಂದು ಕಥೆ. ನಮ್ಮ ಮಾವ ಗಂಧದ ಮರದಲ್ಲಿ ಕೃಷ್ಣ, ಗಣಪತಿ ಕೆತ್ತಿ ಕೈ ಪಳಗಿದವರು. ಒಮ್ಮೆ ಒಬ್ಬ ಫಾದರ್ ಬಂದು ಶಿಲುಬೆ ಮೇಲಿನ ಯೇಸು ಬೇಕು ಅಂದರು. ಮಾವ ಕೆತ್ತಿದರು. ಕೆನ್ನೆ ತುಂಬಿಕೊಂಡು, ಹೊಟ್ಟೆ ನುಣ್ಣಗೆ, ತುಟಿಯಲ್ಲಿ ಸಣ್ಣ ನಗು. ನಮ್ಮ ಶಿಲ್ಪಶಾಸ್ತ್ರದಲ್ಲಿ ದೇವರ ಮೈಯಲ್ಲಿ ಎಲುಬು ಕಾಣಬಾರದಲ್ಲ, ಹಾಗೆ. ಫಾದರ್ ನೋಡಿದರು. "ಚೆನ್ನಾಗಿದೆ, ಆದರೆ ಇವರು ಸಾಯುತ್ತಿಲ್ಲವಲ್ಲ" ಅಂದರು. ಮಾವ ಮತ್ತೆ ಕೂತು ಎದೆಗೂಡಿನ ಎಲುಬು ಒಂದೊಂದಾಗಿ ಕಾಣುವ ಹಾಗೆ ಕೆತ್ತಿದರು. ನಗು ಮಾತ್ರ ಪೂರ್ತಿ ಹೋಗಲಿಲ್ಲ. ಕೆತ್ತಿದ ತುಟಿಗೆ ಮರ ವಾಪಸ್ ಎಲ್ಲಿಂದ ತರೋದು?

ಹಳೇಪೇಟೆ ಮೇಷ್ಟ್ರು
ನಿಮ್ಮ ಮಾವ ಯೂರೋಪಿನ ನೂರಾರು ವರ್ಷದ ಚರ್ಚೆಯನ್ನು ಒಂದೇ ಗಂಧದ ತುಂಡಿನಲ್ಲಿ ಮುಗಿಸಿದ್ದಾರೆ. ಅಲ್ಲೂ ಮೊದಲು ಶಿಲುಬೆ ಮೇಲಿನ ಯೇಸು ಕಣ್ಣು ತೆರೆದು ನೆಟ್ಟಗೆ ನಿಂತಿರುತ್ತಿದ್ದ, ಸಾವನ್ನು ಗೆದ್ದ ರಾಜನ ಹಾಗೆ. ಸತ್ತ ಯೇಸುವನ್ನು, ಜೋತ ತಲೆ, ಉಬ್ಬಿದ ಹೊಟ್ಟೆ ಸಮೇತ ಆಳೆತ್ತರಕ್ಕೆ ಕೆತ್ತಿದ್ದು ಜರ್ಮನಿಯ ಕೊಲೋನ್ ಚರ್ಚಿನ ಗೇರೋ ಶಿಲುಬೆಯಲ್ಲಿ. 10ನೇ ಶತಮಾನದ ಕೊನೆಯ ಓಕ್ ಮರದ ಕೆಲಸ.

ಆಗುಂಬೆ ಜಿಗಣೆ
ಮೇಷ್ಟ್ರೇ, ಮರಿಯಮ್ಮನಿಗೆ ಯಾವಾಗಲೂ ನೀಲಿ ಬಟ್ಟೆ ಯಾಕೆ? ಪರೀಕ್ಷೆಗೆ ಬರುತ್ತಾ?

ಹಳೇಪೇಟೆ ಮೇಷ್ಟ್ರು
ಒಂದು ಅಂಕಕ್ಕೆ ಬರುತ್ತೆ. ಆ ನೀಲಿ ಆಫ್ಘಾನಿಸ್ತಾನದ ಬದಕ್ಷಾನದಿಂದ ಬರುತ್ತಿದ್ದ ಲಾಜವರ್ದ ಕಲ್ಲನ್ನು ಅರೆದು ಮಾಡಿದ್ದು. ತುಂಬ ದುಬಾರಿ. ದುಬಾರಿ ಬಣ್ಣ ತಾಯಿಗೆ.

ಗಾರೆಕೆಲಸ
ಎಲ್ಲರೂ ಇತಿಹಾಸ ಹೇಳ್ತಾ ಇದ್ದೀರಿ, ಅಲ್ಲಿ ಗೋಡೆ ಒದ್ದೆಯಾಗಿದೆ ಮಾರಾಯ್ರೇ! ತುಂಗೆದಂಡೆಯವರೇ, ಗೋಡೆ ಜಂಬಿಟ್ಟಿಗೆಯದಾ? ಹೊರಗಡೆ ಇತ್ತೀಚೆಗೆ ಸಿಮೆಂಟ್ ಪ್ಲಾಸ್ಟರ್ ಮಾಡಿಸಿದ್ರಾ?

ತುಂಗೆದಂಡೆ
ಹೌದು, ಜಂಬಿಟ್ಟಿಗೆ. ಒಳಗೆ ಹಳೇ ಸುಣ್ಣದ ಗಾರೆ. ಹೊರಗೆ ಸಿಮೆಂಟ್ ಆಗಿದೆ. ಗೋಡೆ ಗಟ್ಟಿಯಾಗಲಿ ಅಂತ ಮಾಡಿಸಿದ್ದು. ಹಕ್ಕಳೆ ಶುರುವಾದದ್ದು ಅದಾದ ಮೇಲೇ. ಅಂದ ಹಾಗೆ ಇದು ಫ್ರೆಸ್ಕೋನಾ? ಸಮಿತಿಯಲ್ಲಿ ಒಬ್ಬರು ಹಾಗೆ ಹೇಳ್ತಾರೆ.

ಗಾರೆಕೆಲಸ
ಅದೇ ನೋಡಿ ಕಾರಣ. ಸುಣ್ಣದ ಗೋಡೆ ಮಳೆಗಾಲದಲ್ಲಿ ನೀರು ಕುಡಿಯುತ್ತೆ, ಬಿಸಿಲಿಗೆ ಬಿಟ್ಟುಕೊಡುತ್ತೆ. ಹೊರಗೆ ಸಿಮೆಂಟ್ ಬಳಿದರೆ ನೀರಿಗೆ ಹೊರಗೆ ದಾರಿ ಇಲ್ಲ. ಒಳಗಿನಿಂದ ಬರುತ್ತೆ, ಉಪ್ಪನ್ನೂ ಎಳೆದು ತರುತ್ತೆ. ಆ ಉಪ್ಪು ಹರಳುಗಟ್ಟಿ ಬಣ್ಣವನ್ನು ಹಿಂದಿನಿಂದ ತಳ್ಳುತ್ತೆ. ಮೇಲೆ ಟೈಲ್ಸ್ ಹಾಕಿದರೆ ಒಳಗಡೆಯ ದಾರಿಯೂ ಬಂದ್. ಚಿತ್ರದ ಮಾತು ಬಿಡಿ, ಟೈಲ್ಸ್ ಕೂಡ ನಿಲ್ಲೋದು ಕಷ್ಟ.

ಫ್ರೆಸ್ಕೋ ಅಂದರೆ ಗೋಡೆ ಮೇಲಿನ ಎಲ್ಲ ಚಿತ್ರವೂ ಅಲ್ಲ. ಹಸಿ ಸುಣ್ಣದ ಗಾರೆ ಮೇಲೆ ನೀರಿನಲ್ಲಿ ಕಲಸಿದ ಬಣ್ಣ ಹಚ್ಚಬೇಕು. ಸುಣ್ಣ ಒಣಗುತ್ತಾ ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಹೀರಿ ಕಲ್ಲಾಗುತ್ತೆ, ಬಣ್ಣ ಒಳಗೇ ಸಿಕ್ಕಿಕೊಳ್ಳುತ್ತೆ. ಅದಕ್ಕೆ ಒಂದು ದಿನಕ್ಕೆ ಎಷ್ಟು ಬರೆಯೋಕೆ ಆಗುತ್ತೋ ಅಷ್ಟೇ ಗಾರೆ ಹಾಕುತ್ತಿದ್ದರು. 1305ರ ಸುಮಾರಿಗೆ ಇಟಲಿಯ ಪಾಡುವಾದಲ್ಲಿ ಚಿತ್ರಕಾರ ಜೊತ್ತೊ ಬರೆದದ್ದು ಹಾಗೆ. ಆದರೆ ನೀಲಿಯನ್ನು ಗಾರೆ ಒಣಗಿದ ಮೇಲೆ ಹಚ್ಚಿದರು, ಮರಿಯಳ ಬಟ್ಟೆಯಲ್ಲಿ ಉದುರಿದ್ದು ಅದೇ. ಲಿಯೊನಾರ್ಡೊನ ಕೊನೆಯ ಭೋಜನದಲ್ಲೂ ಅದೇ ಕಥೆ. ನಿಧಾನವಾಗಿ ತಿದ್ದಿ ತಿದ್ದಿ ಬರೆಯಬೇಕು ಅಂತ ಒಣ ಗೋಡೆ ಮೇಲೆ ಬರೆದ. 1498ರ ಹೊತ್ತಿಗೆ ಮುಗಿಸಿದ, ಅವನು ಬದುಕಿರುವಾಗಲೇ ಉದುರೋಕೆ ಶುರುವಾಯಿತು. ಈಚಿನ ರಿಪೇರಿಗೇ 20 ವರ್ಷ ಹಿಡಿಯಿತು, 1999ಕ್ಕೆ ಮುಗಿಯಿತು.

ಹತ್ತಿರದಲ್ಲಿ ನೋಡಬೇಕಾದರೆ ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್‌ಗೆ ಹೋಗಿ. ಇಟಲಿಯಿಂದ ಬಂದ ಬ್ರದರ್ ಆಂತೋನಿಯೊ ಮೊಸ್ಕೇನಿ 1899ರಿಂದ 1901ರ ತನಕ ಒಬ್ಬರೇ ಹೆಚ್ಚು ಕಡಿಮೆ ಇಡೀ ಒಳಗೋಡೆ ಬರೆದರು. ಗೋಡೆಯಲ್ಲಿ ಫ್ರೆಸ್ಕೋ, ಚಾವಣಿಯಲ್ಲಿ ಕ್ಯಾನ್ವಾಸ್ ಮೇಲೆ ಎಣ್ಣೆ ಬಣ್ಣ. ಅದೂ ಕರಾವಳಿ ಮಳೆಗೆ ಕೆಟ್ಟು 1990ರ ದಶಕದಲ್ಲಿ ಇನ್‌ಟ್ಯಾಕ್ (ಪರಂಪರೆ ಉಳಿಸುವ ಸಂಸ್ಥೆ) ತಜ್ಞರು ಸರಿ ಮಾಡಿದರು. ಮೊದಲು ಅಂಥವರನ್ನು ಕೇಳಿ. ನಿಮ್ಮದು ಫ್ರೆಸ್ಕೋ ಇರುವ ಸಾಧ್ಯತೆ ಕಡಿಮೆ, ಹಕ್ಕಳೆ ಏಳುವ ರೀತಿ ನೋಡಿದರೆ ಒಣ ಗೋಡೆಯ ಬಣ್ಣ. ಒರೆಸಬೇಡಿ, ತೊಳೆಯಬೇಡಿ, ವಾರ್ನಿಶ್ ಅಂತೂ ಹತ್ತಿರವೂ ತರಬೇಡಿ.

ಎಲ್ಲಕ್ಕಿಂತ ಮೊದಲು ಮೇಲೆ ನೋಡಿ. ಹಂಚು ಎಷ್ಟು ಒಡೆದಿದೆ? ನೀರು ಹೋಗುವ ದೋಣಿಯಲ್ಲಿ ಕಸ ತುಂಬಿದೆಯಾ?

ತುಂಗೆದಂಡೆ
ಗುರ್ಕಾರರು (ಚರ್ಚಿನ ವಾರ್ಡಿನ ಮುಖಂಡರು) ಈಗ ಹತ್ತಿ ನೋಡಿ ಬಂದರು. ಬಲಿಪೀಠದ ಮೇಲೆ ಸರಿಯಾಗಿ ನಾಲ್ಕು ಹಂಚು ಜಾರಿವೆ. ದೋಣಿ ತುಂಬ ಎಲೆ.

ಆಗುಂಬೆ ಜಿಗಣೆ
ಮಂಗನ ಕೆಲಸ. ಅಕ್ಷರಶಃ.

ಮೊಂತಿಹಬ್ಬ
ವಿಷಯಾಂತರ: ಕ್ರಿಸ್ಮಸ್‌ಗೆ ಗೋದಲಿ ಸ್ಪರ್ಧೆ ಇದೆ. ನಮ್ಮ ವಾಳೆಯವರು (ಚರ್ಚಿನ ವಾರ್ಡಿನವರು) ಈ ಸಲ ಅಡಿಕೆ ಹಾಳೆ, ಮರದ ಪಾಚಿ, ಬಿದಿರಿನಲ್ಲಿ ಮಾತ್ರ ಮಾಡೋಣ ಅಂತಿದ್ದಾರೆ. ಥರ್ಮಾಕೋಲ್ ಬೇಡ. ಎತ್ತು, ಕತ್ತೆ ಇರಲೇಬೇಕಾ? ಬೈಬಲಿನಲ್ಲಿ ಹುಡುಕಿದೆ, ಲೂಕನಲ್ಲಿ ಸಿಗಲಿಲ್ಲ.

ಭದ್ರಾ ಕಾಲೋನಿ
ಸಿಗಲ್ಲ. ಯೆಶಾಯನ ಮೊದಲ ಅಧ್ಯಾಯದ ಮೂರನೇ ವಚನ ನೋಡಿ. ಎತ್ತು ಒಡೆಯನನ್ನು ಗುರುತಿಸುತ್ತೆ, ಕತ್ತೆ ಗೋದಲಿಯನ್ನು ಗುರುತಿಸುತ್ತೆ, ನನ್ನ ಜನಕ್ಕೆ ಮಾತ್ರ ತಿಳಿಯದು ಅಂತ. ಅಲ್ಲಿಂದ ಚಿತ್ರಕಾರರು ಎಳೆದು ತಂದರು. 1223ರಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸ್ ಗ್ರೆಚ್ಚೊ ಎಂಬಲ್ಲಿ ಗೋದಲಿ ಮಾಡಿದಾಗಲೂ ನಿಜವಾದ ಎತ್ತು ಕತ್ತೆ ತಂದು ಕಟ್ಟಿದ್ದರು.

ಮೊಂತಿಹಬ್ಬ
ಹಾಗಾದರೆ ಎತ್ತು ಮಲೆನಾಡು ಗಿಡ್ಡ ಇರಲಿ!

ಬರೀಗೋಡೆ
ಗೋದಲಿಗೆ ನಾನೂ ಬರ್ತೀನಿ, ಅದರಲ್ಲಿ ಜಗಳ ಇಲ್ಲ. ತುಂಗೆದಂಡೆಯವರೇ, ಸುಣ್ಣ ಬಳಿಯಿರಿ ಅಂತ ನಾನು ಈಗಲೂ ಪೂಜೆಯ ದೃಷ್ಟಿಯಿಂದ ಹೇಳಬಲ್ಲೆ. ಆದರೆ ಹಂಚು ಸರಿ ಮಾಡದೆ ಏನು ಬಳಿದರೂ ದುಡ್ಡು ದಂಡ. ಅದನ್ನು ಸಮಿತಿಗೆ ಹೇಳಿ, ಎರಡು ಕಡೆಯವರೂ ಒಪ್ಪುತ್ತಾರೆ.

ಗಾರೆಕೆಲಸ
ಸರಿಯಾದ ಮಾತು. ಜೊತೆಗೆ ಚಿತ್ರಗಳ ಫೋಟೋ ಈಗಲೇ ತೆಗೆದಿಡಿ. ಮುಂದಿನಿಂದ ಫ್ಲ್ಯಾಶ್ ಬೇಡ. ಕತ್ತಲಾದ ಮೇಲೆ ಟಾರ್ಚನ್ನು ಗೋಡೆಯ ಪಕ್ಕಕ್ಕೆ ಹಿಡಿದು, ಬೆಳಕು ಗೋಡೆ ಸವರಿಕೊಂಡು ಹೋಗುವ ಹಾಗೆ ಮಾಡಿ. ಎಲ್ಲೆಲ್ಲಿ ಬಣ್ಣ ಎದ್ದಿದೆ ಅನ್ನೋದು ನೆರಳಿನಲ್ಲಿ ಕಾಣುತ್ತೆ. ಪಕ್ಕದಲ್ಲಿ ಒಂದು ಅಳತೆ ಪಟ್ಟಿ ಇಡಿ.

ತುಂಗೆದಂಡೆ
ಭಾನುವಾರ ಸಂಜೆ ಮಾಡ್ತೀವಿ. ಫಾದರ್‌ಗೆ ಈ ಚರ್ಚೆ ಓದಿಸಿದೆ, ಹೆಜ್ಜಾರ್ಲೆ ವಿಷಯ ಅವರಿಗೆ ಗೊತ್ತಿತ್ತಂತೆ, ಯಾರೂ ಕೇಳಲಿಲ್ಲ ಅಂದರು! ಟೈಲ್ಸ್‌ಗೆ ಅಡ್ವಾನ್ಸ್ ಕೊಡೋದು ಸದ್ಯಕ್ಕೆ ನಿಂತಿದೆ. ಮೇಲಿನ ಸಿಂಹ, ಹದ್ದಿನ ಫೋಟೋಕ್ಕೆ ಉದ್ದದ ಏಣಿ ಬೇಕು, ಅಡಿಕೆ ಕೊನೆ ತೆಗೆಯುವವರ ಹತ್ತಿರ ಕೇಳಿದ್ದೀನಿ.

ಗಾರೆಕೆಲಸ
ಏಣಿಯನ್ನು ಚಿತ್ರದ ಗೋಡೆಗೆ ಒರಗಿಸಬೇಡಿ ಮಾರಾಯ್ರೇ!!